ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ ಪ್ಯೂರಿಟನ್ನರ ಪರಮತಾಸಹನೆ (1630–1691)

ಧರ್ಮಶ್ರದ್ಧೆಯ ಕಾರಣದಿಂದಲೇ ಹಿಂಸೆಗೆ ಗುರಿಯಾದವರು, ಅಧಿಕಾರವು ತಮ್ಮ ಕೈಗೆ ಬಂದೊಡನೆ ಅಂಥದೇ ಹಿಂಸೆಯನ್ನು ಪರರಿಗೆ ವಿಧಿಸಿದ ಉದಾಹರಣೆಗಳು ಮತಗಳ ಇತಿಹಾಸದಲ್ಲಿ ವಿರಳವಲ್ಲ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆಹೋಗಿ ಮ್ಯಾಸಚೂಸೆಟ್ಸ್ ಕೊಲ್ಲಿಯ ತೀರದಲ್ಲಿ ನೆಲಸಿದ ಪ್ಯೂರಿಟನ್ನರ ಚರಿತ್ರೆ ಅಂಥವುಗಳಲ್ಲಿ ಸುಪ್ರಸಿದ್ಧವಾದುದು. ಮತಸ್ವಾತಂತ್ರ್ಯವನ್ನು ಅರಸಿ ಬಂದವರು ಆ ಸ್ವಾತಂತ್ರ್ಯವನ್ನೇ ಇತರರಿಗೆ ನಿರಾಕರಿಸಿದರು, ಆದ್ದರಿಂದ ಅವರು ಡಾಂಭಿಕರು ಎಂಬ ತೀರ್ಪು ಪಠ್ಯಪುಸ್ತಕಗಳ ಮೂಲಕ ನಮ್ಮ ವಿದ್ಯಾರ್ಥಿಗಳಿಗೂ ಪರಿಚಿತವಾಗಿದೆ. ಈ ತೀರ್ಪು ಎಷ್ಟರಮಟ್ಟಿಗೆ ಸರಿಯಾದುದು, ಡಾಂಭಿಕತೆಯೆಂಬುದು ಇದ್ದರೆ ಅದು ನಿಜವಾಗಿ ಎಲ್ಲಿ ನೆಲೆಸಿತ್ತು ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ಭಾವನೆಯನ್ನು ನಿವಾರಿಸಿಕೊಳ್ಳುವುದು ಅಗತ್ಯ. 1630ರಲ್ಲಿ ಜಾನ್ ವಿನ್‌ತ್ರಾಪನ ಮುಖಂಡತ್ವದಲ್ಲಿ ಹನ್ನೊಂದು ಹಡಗುಗಳಲ್ಲಿ ಹೊರಟ ಜನರು ಸರ್ವಮತಗಳಿಗೂ ಸಮಾನಾವಕಾಶವನ್ನು ಕೊಡುವೆವೆಂದು ಎಂದೂ ಹೇಳಿದವರಲ್ಲ. ಇಂಗ್ಲೆಂಡಿನ ಧರ್ಮಸಭೆಯಲ್ಲಿ ಇನ್ನೂ ಉಳಿದಿದ್ದ ರೋಮನ್ ಆಚಾರಗಳನ್ನು ತೊಡೆದುಹಾಕಿ, ಬೈಬಲಿನಲ್ಲಿ ವಿಧಿಸಿರುವಂತೆ ಶುದ್ಧವಾದ ಧರ್ಮಸಭೆಯನ್ನೂ ಅದಕ್ಕೆ ಅನುಗುಣವಾದ ರಾಜ್ಯವನ್ನೂ ಸ್ಥಾಪಿಸಬೇಕೆಂಬುದು ಅವರ ಸಂಕಲ್ಪವಾಗಿತ್ತು. ಇಡೀ ಸಮಾಜವು ದೇವರೊಡನೆ ಒಡಂಬಡಿಕೆ ಮಾಡಿಕೊಂಡಿದೆ, ಒಬ್ಬನ ತಪ್ಪಿಗೆ ಎಲ್ಲರೂ ದಂಡ ತೆರಬೇಕಾಗುತ್ತದೆ ಎಂಬುದು ಅವರ ದೃಢವಾದ ನಂಬಿಕೆ. 1631ರಲ್ಲಿಯೇ ಜನರಲ್ ಕೋರ್ಟು ಎಂಬ ಅವರ ಶಾಸನಸಭೆಯು ಧರ್ಮಸಭೆಯ ಸದಸ್ಯರಿಗೆ ಮಾತ್ರ ಮತದಾನದ ಹಕ್ಕುಂಟೆಂದು ವಿಧಿಸಿತು. ಕೊಡುವೆನೆಂದು ಹೇಳದುದನ್ನು ಕೊಡದಿರುವವನು ಅಸಹನಶೀಲನಾಗಬಹುದು. ಆದರೆ ಅಷ್ಟರಿಂದಲೇ ಅವನು ಡಾಂಭಿಕನಾಗುವುದಿಲ್ಲ. ಆದ್ದರಿಂದ ಅವರ ಡಾಂಭಿಕತೆಯನ್ನು ಬೇರೆಡೆಯಲ್ಲಿ ಹುಡುಕಬೇಕಾಗುತ್ತದೆ.

ಈ ವ್ಯವಸ್ಥೆಗೆ ಮೊದಲು ಎದುರುನಿಂತವನು ರೋಜರ್ ವಿಲಿಯಮ್ಸ್. 1631ರಲ್ಲಿ ಬಾಸ್ಟನ್ನಿಗೆ ಬಂದ ಈ ಯುವಕ ಪಾದ್ರಿಯು ಪ್ಯೂರಿಟನ್ನರಲ್ಲಿಯೇ ಅತ್ಯಂತ ಕಟ್ಟುನಿಟ್ಟಿನವನು. ದಶಾಜ್ಞೆಗಳಲ್ಲಿ ದೇವರಿಗೂ ಮನುಷ್ಯನಿಗೂ ಸಂಬಂಧಿಸಿದ ಮೊದಲ ಭಾಗವನ್ನು ಮೀರಿದವರನ್ನು ಶಿಕ್ಷಿಸಲು ಲೌಕಿಕ ಅಧಿಕಾರಿಗಳಿಗೆ ಹಕ್ಕಿಲ್ಲವೆಂದು ಅವನು ಸಾರಿದನು. ಇಂಗ್ಲೆಂಡಿನ ದೊರೆಯ ಸನ್ನದಿನಿಂದ ಇಂಡಿಯನ್ನರ ನೆಲವು ವಲಸೆಗಾರರದಾಗುವುದಿಲ್ಲ, ಅದನ್ನು ಅವರಿಂದಲೇ ಪಡೆಯಬೇಕು ಎಂದೂ ವಾದಿಸಿದನು. 1635ರ ಅಕ್ಟೋಬರಿನಲ್ಲಿ ಅವನಿಗೆ ಗಡೀಪಾರು ಶಿಕ್ಷೆಯಾಯಿತು. ಅವನನ್ನು ಹಿಡಿದು ಹಡಗಿನಲ್ಲಿ ಇಂಗ್ಲೆಂಡಿಗೆ ಕಳುಹಿಸುವ ಯೋಚನೆ ನಡೆದಿರುವಾಗ, 1636ರ ಜನವರಿಯ ಹಿಮದಲ್ಲಿ ಅವನು ಕಾಡುಹಾದಿ ಹಿಡಿದನು. ನ್ಯಾರಗ್ಯಾನ್ಸೆಟ್ ಪಂಗಡದ ನಾಯಕರಾದ ಕನಾನಿಕಸ್ ಮತ್ತು ಮಿಯಾಂಟನೋಮಿ ಎಂಬವರಿಂದ ನೆಲವನ್ನು ಪಡೆದು ಪ್ರಾವಿಡೆನ್ಸ್ ಎಂಬ ಊರನ್ನು ಕಟ್ಟಿದನು. ಆ ದಿಕ್ಕಿಗೆ ಹೋಗೆಂದು ತನಗೆ ಗುಟ್ಟಾಗಿ ಸೂಚಿಸಿದವನು ವಿನ್‌ತ್ರಾಪನೇ ಎಂದು ವಿಲಿಯಮ್ಸ್ ಮುಂದೆ ಬರೆದಿದ್ದಾನೆ. ಆ ಕಾಲದ ಶಿಕ್ಷಕರೆಲ್ಲರೂ ಕಠಿಣಹೃದಯರಾಗಿದ್ದರೆಂದು ತಿಳಿಯಬಾರದೆಂಬುದಕ್ಕೆ ಇದೊಂದು ನಿದರ್ಶನ.

ಇದಾದ ಎರಡೇ ವರ್ಷಗಳಲ್ಲಿ ಆ್ಯನ್ ಹಚಿನ್ಸನ್ ಎಂಬ ಗೃಹಿಣಿಯ ಸರದಿ ಬಂದಿತು. ತನ್ನ ಮನೆಯಲ್ಲಿ ಹೆಂಗಸರನ್ನು ಕೂಡಿಸಿ ಪಾದ್ರಿಗಳ ಉಪದೇಶಗಳನ್ನು ವಿಮರ್ಶಿಸುತ್ತಿದ್ದ ಆಕೆಯನ್ನು 1637ರ ನವೆಂಬರಿನಲ್ಲಿ ವಿಚಾರಣೆಗೆ ಗುರಿಪಡಿಸಿ, ಮರುವರ್ಷ ಧರ್ಮಸಭೆಯಿಂದಲೂ ವಸಾಹತಿನಿಂದಲೂ ಹೊರಹಾಕಿದರು. 1643ರಲ್ಲಿ ಆಕೆ ಇಂಡಿಯನ್ನರ ದಾಳಿಯಲ್ಲಿ ಹತಳಾದಾಗ, ಇದು ದೈವವೇ ವಿಧಿಸಿದ ಶಿಕ್ಷೆಯೆಂದು ಬಾಸ್ಟನ್ನಿನ ಭಕ್ತರು ಸಮಾಧಾನ ತಳೆದರು.

ವಿಲಿಯಮ್ಸನು 1644ರಲ್ಲಿ ಲಂಡನ್ನಿನಲ್ಲಿ ಮತಹಿಂಸೆಯನ್ನು ಖಂಡಿಸುವ ಗ್ರಂಥವೊಂದನ್ನು ಪ್ರಕಟಿಸಿದನು. 1647ರಲ್ಲಿ ಅದಕ್ಕೆ ಉತ್ತರ ಬರೆದವನು ಬಾಸ್ಟನ್ನಿನ ಪ್ರಸಿದ್ಧ ಪಾದ್ರಿ ಜಾನ್ ಕಾಟನ್. ಈತನೂ 1633ರಲ್ಲಿ ಇಂಗ್ಲೆಂಡಿನ ಧರ್ಮಾಧಿಕಾರಿಗಳ ಕೈಗೆ ಸಿಕ್ಕದಂತೆ ಮರೆಯಾಗಿದ್ದು ಹಡಗುಹತ್ತಿ ಬಂದವನೇ. ಇವನ ವಾದಸರಣಿ ಗಮನಾರ್ಹವಾದುದು. ಆತ್ಮಸಾಕ್ಷಿಗಾಗಿ ಯಾರನ್ನೂ ಹಿಂಸಿಸಬಾರದೆಂಬುದನ್ನು ಅವನು ಒಪ್ಪುತ್ತಾನೆ. ಆದರೆ ಧರ್ಮದ ಮೂಲತತ್ತ್ವಗಳು ದೇವರ ವಾಕ್ಯದಲ್ಲಿ ಅತಿ ಸ್ಪಷ್ಟವಾಗಿರುವುದರಿಂದ, ಒಂದೆರಡು ಸಲ ಬುದ್ಧಿಹೇಳಿದ ಮೇಲೂ ತಪ್ಪನ್ನು ಬಿಡದವನು ಒಳಗೊಳಗೇ ಸತ್ಯವನ್ನು ಅರಿತಿರುತ್ತಾನೆ ಎಂಬುದು ಅವನ ಊಹೆ. ಹಾಗಾದಮೇಲೆ ಅಂಥವನನ್ನು ದಂಡಿಸುವುದು ಆತ್ಮಸಾಕ್ಷಿಗಾಗಿ ಅಲ್ಲ, ಆತ್ಮಸಾಕ್ಷಿಗೆ ವಿರುದ್ಧವಾಗಿ ನಡೆದುದಕ್ಕಾಗಿ! ಈ ತರ್ಕವನ್ನು ಒಪ್ಪಿಕೊಂಡರೆ ಮತಹಿಂಸೆಯೆಂಬುದೇ ಲೋಕದಲ್ಲಿ ಇಲ್ಲವಾಗುತ್ತದೆ. ತಾನು ಹಿಂಸಿಸುತ್ತಿರುವುದು ಹಿಂಸೆಯಲ್ಲವೆಂದೂ, ಎದುರಾಳಿಯ ಅಂತರಂಗವನ್ನು ಅವನಿಗಿಂತ ತಾನೇ ಬಲ್ಲೆನೆಂದೂ ನಂಬಿಸುವ ಈ ಯುಕ್ತಿಯಲ್ಲಿ ನಾವು ಡಾಂಭಿಕತೆಯ ಮೊದಲ ನೆಲೆಯನ್ನು ಕಾಣುತ್ತೇವೆ.

ಎರಡನೆಯ ನೆಲೆ ಬಲವಂತದ ಆರಾಧನೆ. 1651ರಲ್ಲಿ ಒಬದಾಯ ಹೋಮ್ಸ್, ಜಾನ್ ಕ್ಲಾರ್ಕ್ ಎಂಬ ಬ್ಯಾಪ್ಟಿಸ್ಟರೂ ಅವರ ಸಂಗಡಿಗನೊಬ್ಬನೂ ಲಿನ್ ಎಂಬ ಊರಿಗೆ ಬಂದಾಗ ಸೆರೆಯಾದರು. ದಂಡ ತೆರಲು ಒಪ್ಪದ ಹೋಮ್ಸನಿಗೆ ಬಾಸ್ಟನ್ನಿನಲ್ಲಿ ಮೂವತ್ತು ಕೊರಡೆಯೇಟುಗಳು ಬಿದ್ದವು. ಹಾರ್ವರ್ಡ್ ಕಾಲೇಜಿನ ಮೊದಲ ಅಧ್ಯಕ್ಷನೂ ವಿದ್ವಾಂಸನೂ ಆದ ಹೆನ್ರಿ ಡನ್‌ಸ್ಟರನು ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲವೆಂಬ ತನ್ನ ಅಭಿಪ್ರಾಯವನ್ನು ಬಿಡಲೊಲ್ಲದೆ 1654ರಲ್ಲಿ ಪದವಿಯನ್ನೇ ತ್ಯಜಿಸಬೇಕಾಯಿತು. ವಸಾಹತಿನ ಸ್ಥಾಪಕರಲ್ಲಿ ಒಬ್ಬನಾಗಿ ಆಗ ಇಂಗ್ಲೆಂಡಿನಲ್ಲಿದ್ದ ಸರ್ ರಿಚರ್ಡ್ ಸಾಲ್ಟನ್‌ಸ್ಟಾಲನು ಹೋಮ್ಸ್ ಮೊದಲಾದವರಿಗೆ ಆದ ಶಿಕ್ಷೆಯ ಸುದ್ದಿ ಕೇಳಿ ನೊಂದು ಕಾಟನ್ನನಿಗೂ ಅವನ ಸಹೋದ್ಯೋಗಿ ವಿಲ್ಸನ್ನನಿಗೂ ಪತ್ರ ಬರೆದನು. ಮನಸ್ಸೊಪ್ಪದವರನ್ನು ನಿಮ್ಮ ಆರಾಧನೆಗೆ ಎಳೆತಂದು ಅವರನ್ನು ಕಪಟಿಗಳನ್ನಾಗಿ ಮಾಡುತ್ತಿದ್ದೀರಿ ಎಂಬುದು ಆ ಪತ್ರದ ಆಕ್ಷೇಪ. ಇದಕ್ಕೆ ಕಾಟನ್ನನು ಕೊಟ್ಟ ಉತ್ತರದ ಸಾರಾಂಶವಿಷ್ಟು: ಧರ್ಮವನ್ನೇ ಬಿಟ್ಟವನಿಗಿಂತ ಕಪಟಿಯೇ ಮೇಲು, ಏಕೆಂದರೆ ಕಪಟಿಯು ದೇವರಿಗೆ ಸಲ್ಲಬೇಕಾದುದರಲ್ಲಿ ಹೊರಗಿನ ಮೈಯನ್ನಾದರೂ ಸಲ್ಲಿಸುತ್ತಾನೆ, ಮತ್ತೊಬ್ಬನು ಒಳಗನ್ನೂ ಸಲ್ಲಿಸುವುದಿಲ್ಲ, ಹೊರಗನ್ನೂ ಸಲ್ಲಿಸುವುದಿಲ್ಲ. ಅಂತರಂಗದ ಶುದ್ಧಿಯೇ ಸರ್ವಸ್ವವೆಂದು ಹೇಳಿ, ಹೊರಗಿನ ಆಚಾರಮಾತ್ರದ ಧರ್ಮವನ್ನು ಧಿಕ್ಕರಿಸಿ ಸಾಗರವನ್ನು ದಾಟಿಬಂದವರ ಬಾಯಿಂದಲೇ ಈ ಮಾತು ಹೊರಟಿತೆಂಬುದನ್ನು ಓದುಗರು ಗಮನಿಸಬೇಕು. ಅಸಹನೆಯು ಬಲಿಯಾದವನನ್ನು ಮಾತ್ರವಲ್ಲದೆ, ತಾನು ರಕ್ಷಿಸಹೊರಟ ಧರ್ಮವನ್ನೇ ಹೇಗೆ ಟೊಳ್ಳುಮಾಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ಮೂರನೆಯ ಮತ್ತು ಅತಿ ದಾರುಣವಾದ ಘಟ್ಟ ಕ್ವೇಕರರ ದಂಡನೆ. ಪ್ರತಿ ಮನುಷ್ಯನೊಳಗೂ ದೇವರ ಬೆಳಕುಂಟೆಂದು ನಂಬಿ, ಪಾದ್ರಿಗಳನ್ನೂ ಪ್ರಮಾಣವಚನವನ್ನೂ ನಿರಾಕರಿಸುತ್ತಿದ್ದ ಈ ಪಂಥದ ಮೇರಿ ಫಿಶರ್, ಆ್ಯನ್ ಆಸ್ಟಿನ್ ಎಂಬ ಇಬ್ಬರು ಮಹಿಳೆಯರು 1656ರ ಜುಲೈನಲ್ಲಿ ಬಾಸ್ಟನ್ ಬಂದರಿಗೆ ಬಂದರು. ಅವರ ಪುಸ್ತಕಗಳನ್ನು ಸುಟ್ಟು, ಮಾಟಗಾತಿಯರೋ ಎಂದು ಅವರ ಮೈಯನ್ನು ಶೋಧಿಸಿ, ಸುಮಾರು ಐದು ವಾರ ಸೆರೆಯಲ್ಲಿಟ್ಟು ಹಡಗಿನಲ್ಲಿ ಹಿಂದಕ್ಕೆ ಕಳುಹಿಸಿದರು. ಬಳಿಕ ಶಾಸನಗಳು ಒಂದಕ್ಕಿಂತ ಒಂದು ಉಗ್ರವಾಗುತ್ತ ಬಂದವು. ಕ್ವೇಕರರನ್ನು ಕರೆತಂದ ಹಡಗಿನ ಒಡೆಯನಿಗೆ 100 ಪೌಂಡು ದಂಡ, ಬಂದವರಿಗೆ ಕೊರಡೆಯೇಟು, ಪುನಃ ಬಂದ ಗಂಡಸಿಗೆ ಕಿವಿ ಕತ್ತರಿಸುವುದು, ಅಲ್ಲಿಗೂ ಬಿಡದಿದ್ದರೆ ನಾಲಗೆಗೆ ಕಾದ ಕಬ್ಬಿಣವನ್ನು ಚುಚ್ಚುವುದು. 1658ರಲ್ಲಿ ಮೂವರ ಬಲಗಿವಿಗಳನ್ನು ಬಾಸ್ಟನ್ನಿನ ಸೆರೆಮನೆಯೊಳಗೆ ಕತ್ತರಿಸಿದರು. ಇದನ್ನು ಪ್ರತಿಭಟಿಸಿದ ಕ್ಯಾಥರೀನ್ ಸ್ಕಾಟ್ ಎಂಬಾಕೆಗೂ ಏಟುಗಳು ಬಿದ್ದವು. ಆಕೆ ಆ್ಯನ್ ಹಚಿನ್ಸನ್ನಳ ತಂಗಿ. ಇದಕ್ಕೆ ಇಪ್ಪತ್ತೊಂದು ವರ್ಷಗಳ ಹಿಂದೆ, 1637ರಲ್ಲಿ, ಲಂಡನ್ನಿನಲ್ಲಿ ಪ್ರಿನ್, ಬರ್ಟನ್, ಬ್ಯಾಸ್ಟ್‌ವಿಕ್ ಎಂಬ ಮೂವರು ಪ್ಯೂರಿಟನ್ನರ ಕಿವಿಗಳನ್ನು ಬಹಿರಂಗವಾಗಿ ಕತ್ತರಿಸಲಾಗಿತ್ತು. ಆ ದಂಡನೆಯನ್ನು ಇಂಗ್ಲೆಂಡಿನ ಪ್ಯೂರಿಟನ್ನರು ಕ್ರೂರ ದಬ್ಬಾಳಿಕೆಯೆಂದು ಬಗೆದಿದ್ದರು. ಈಗ ಅದೇ ಕತ್ತಿ ಅವರ ಬಂಧುಗಳ ಕೈಯಲ್ಲಿತ್ತು.

1658ರ ಅಕ್ಟೋಬರಿನಲ್ಲಿ, ಗಡೀಪಾರಾದ ಮೇಲೆ ಹಿಂದಿರುಗುವ ಕ್ವೇಕರನಿಗೆ ಮರಣದಂಡನೆಯೆಂಬ ಶಾಸನವಾಯಿತು. ಪ್ರತಿನಿಧಿಗಳ ಸಭೆಯಲ್ಲಿ ಅದು ಅಂಗೀಕೃತವಾದುದು ಒಂದೇ ಒಂದು ಮತದ ಬಹುಮತದಿಂದ. 1659ರಲ್ಲಿ ಸೇಲಮಿನ ಸೌತ್‌ವಿಕ್ ದಂಪತಿಗಳ ಇಬ್ಬರು ಮಕ್ಕಳನ್ನು, ದಂಡದ ಹಣ ಬರಲಿಲ್ಲವೆಂದು, ವರ್ಜೀನಿಯ ಅಥವಾ ಬಾರ್ಬಡೋಸಿಗೆ ಮಾರಿಬಿಡುವಂತೆ ಆಜ್ಞೆಯಾಯಿತು. ಅವರನ್ನು ಒಯ್ಯಲು ಒಬ್ಬ ನಾವಿಕನೂ ಒಪ್ಪಲಿಲ್ಲ. ಧರ್ಮಶಾಸ್ತ್ರವನ್ನು ಅರೆದು ಕುಡಿದಿದ್ದ ಅಧಿಕಾರಿಗಳಿಗೆ ಹೊಳೆಯದಿದ್ದ ನ್ಯಾಯ ಹಡಗಿನವರಿಗೆ ಹೊಳೆದಿತ್ತು.

1659ರ ಅಕ್ಟೋಬರ್ 27ರಂದು ವಿಲಿಯಂ ರಾಬಿನ್ಸನ್, ಮಾರ್ಮಡ್ಯೂಕ್ ಸ್ಟೀವನ್‌ಸನ್ ಎಂಬಿಬ್ಬರನ್ನು ಗಲ್ಲಿಗೇರಿಸಿದರು. ಅವರ ಮಾತು ಜನರ ಕಿವಿಗೆ ಬೀಳದಂತೆ ದಾರಿಯುದ್ದಕ್ಕೂ ನಗಾರಿ ಬಾರಿಸಲಾಯಿತು. ಅವರೊಡನೆ ಕರೆದೊಯ್ದಿದ್ದ ಮೇರಿ ಡೈಯರಳನ್ನು ಗಲ್ಲುಗಂಬದ ಬುಡದಿಂದ ಇಳಿಸಿ ಗಡೀಪಾರು ಮಾಡಿದರು. ಆಕೆ ಹಿಂದೆ ಹಚಿನ್ಸನ್ನಳ ಗೆಳತಿಯಾಗಿದ್ದವಳು. ಆಕೆ ಮತ್ತೆ ಬಂದಳು. 1660ರ ಜೂನ್ 1ರಂದು ಆಕೆಯನ್ನೂ, 1661ರ ಮಾರ್ಚ್ 14ರಂದು ವಿಲಿಯಂ ಲೆಡ್ರನನ್ನೂ ಗಲ್ಲಿಗೆ ಹಾಕಿದರು. ಈ ಕೃತ್ಯವನ್ನು ಸಮರ್ಥಿಸುತ್ತ ಅಧಿಕಾರಿಗಳು, ಇವರು ದೂರದಲ್ಲಿ ಬದುಕಿರಲೆಂದೇ ನಾವು ಬಯಸಿದ್ದೆವು, ತಾವೇ ಬಂದು ಕತ್ತಿಯ ಮೇಲೆ ಬಿದ್ದರು ಎಂಬ ಅರ್ಥದ ಪ್ರಕಟಣೆ ಹೊರಡಿಸಿದರು. ಕೊಂದವರು ಕೊಲೆಯ ಭಾರವನ್ನು ಸತ್ತವರ ತಲೆಗೇ ಕಟ್ಟುವ ಈ ಮಾತಿನಲ್ಲಿ ಡಾಂಭಿಕತೆಯ ಮೂರನೆಯ ನೆಲೆಯಿದೆ.

ಕ್ವೇಕರರ ನಡತೆಯೇ ಪ್ರಚೋದಕವಾಗಿತ್ತೆಂಬ ಸಮರ್ಥನೆಯುಂಟು. ಅವರು ಉಪದೇಶದ ನಡುವೆ ಎದ್ದುನಿಂತು ಪಾದ್ರಿಗಳನ್ನು ಖಂಡಿಸುತ್ತಿದ್ದುದು ನಿಜ. ಕೆಲವು ಕ್ವೇಕರ್ ಹೆಂಗಸರು ನಗ್ನರಾಗಿ ಸಾರ್ವಜನಿಕವಾಗಿ ಕಾಣಿಸಿಕೊಂಡರೆಂಬುದನ್ನೂ ಉದಾಹರಿಸುವುದುಂಟು. ಆದರೆ ಆ ಘಟನೆಗಳು ನಡೆದುದು 1662–63ರಲ್ಲಿ. ಗಲ್ಲುಗಳೆಲ್ಲ ಮುಗಿದ ಮೇಲೆ. ಕಾರ್ಯವು ಕಾರಣಕ್ಕಿಂತ ಮೊದಲು ಬರಲಾರದಷ್ಟೆ. ಇದಕ್ಕಿಂತ ಬಲವಾದ ಉತ್ತರವನ್ನು ನೆರೆಯ ರೋಡ್ ಐಲೆಂಡ್ 1657ರಲ್ಲಿಯೇ ಕೊಟ್ಟಿತ್ತು. ಕ್ವೇಕರರನ್ನು ಹೊರಹಾಕಿರೆಂದು ಇತರ ವಸಾಹತುಗಳು ಒತ್ತಾಯಪಡಿಸಿದಾಗ, ಅಭಿಪ್ರಾಯವನ್ನು ಹೇಳಿದ ಮಾತ್ರಕ್ಕೆ ಶಿಕ್ಷಿಸುವ ಶಾಸನ ನಮ್ಮಲ್ಲಿಲ್ಲ, ತಮ್ಮನ್ನು ಯಾರೂ ತಡೆಯದಿರುವ ನೆಲದಲ್ಲಿ ನಿಲ್ಲಲು ಅವರಿಗೂ ಅಷ್ಟಾಗಿ ಆಸೆಯಿಲ್ಲ ಎಂಬ ಅಭಿಪ್ರಾಯವನ್ನು ಅದು ತಿಳಿಸಿತು.

ರೋಡ್ ಐಲೆಂಡಿನ ಈ ನಿಲುವು ಕ್ವೇಕರರ ಮೇಲಿನ ಒಲವಿನಿಂದ ಹುಟ್ಟಿದುದಲ್ಲ. ರೋಜರ್ ವಿಲಿಯಮ್ಸನಿಗೆ ಅವರ ಸಿದ್ಧಾಂತ ಸ್ವಲ್ಪವೂ ಹಿಡಿಸಿರಲಿಲ್ಲ. 1672ರಲ್ಲಿ ಮುದಿಪ್ರಾಯದಲ್ಲಿಯೂ ಅವರೊಡನೆ ದಿನಗಟ್ಟಲೆ ಬಹಿರಂಗವಾಗಿ ವಾದಿಸಿ, ಅವರ ವಿರುದ್ಧ ಕಟುವಾದ ಗ್ರಂಥವೊಂದನ್ನೂ ಬರೆದನು. ಆದರೆ ಅವರ ಮೇಲೆ ಕೊರಡೆಯೆತ್ತಬೇಕೆಂದು ಹೇಳಲಿಲ್ಲ. ಸಹನೆಯೆಂದರೆ ಎಲ್ಲ ಮತಗಳೂ ಒಂದೇ ಎನ್ನುವ ಉದಾಸೀನಭಾವವಲ್ಲ. ತನ್ನ ಸತ್ಯದಲ್ಲಿ ಪೂರ್ಣವಿಶ್ವಾಸವಿದ್ದೂ ಅದಕ್ಕೆ ರಾಜದಂಡದ ಊರುಗೋಲು ಬೇಡವೆನ್ನುವ ಧೈರ್ಯ. ಕಾಟನ್ನನಿಗೂ ವಿಲಿಯಮ್ಸನಿಗೂ ಇದ್ದ ವ್ಯತ್ಯಾಸ ಭಕ್ತಿಯ ಹೆಚ್ಚುಕಡಿಮೆಯದಲ್ಲ, ಈ ಧೈರ್ಯದ್ದು.

ಮರಣದಂಡನೆಗಳು ನಿಂತುದು ಪ್ಯೂರಿಟನ್ನರ ಪಶ್ಚಾತ್ತಾಪದಿಂದಲ್ಲ. ಲಂಡನ್ನಿನ ಕ್ವೇಕರ್ ಎಡ್ವರ್ಡ್ ಬರೋ ಎಂಬವನು ದೊರೆ ಎರಡನೆಯ ಚಾರ್ಲ್ಸನಿಗೆ ಮೊರೆಯಿಟ್ಟನು. 1661ರ ಸೆಪ್ಟೆಂಬರಿನಲ್ಲಿ ದೊರೆಯ ನಿರೂಪ ಹೊರಟಿತು. ಅದನ್ನು ಬಾಸ್ಟನ್ನಿಗೆ ತಂದವನು ಗಡೀಪಾರಾಗಿದ್ದ ಸೇಲಮಿನ ಕ್ವೇಕರ್ ಸ್ಯಾಮ್ಯುಯಲ್ ಶ್ಯಾಟಕ್. ಆದರೆ ದೊರೆಯ ದಯೆಯೂ ತತ್ತ್ವದ ಮೇಲೆ ನಿಂತುದಾಗಿರಲಿಲ್ಲ. 1662ರಲ್ಲಿ ಕ್ವೇಕರರ ವಿರುದ್ಧ ಕಠಿಣ ಶಾಸನ ಮಾಡಲು ಅವನೇ ಅನುಮತಿಯಿತ್ತನು. ಗಾಡಿಯ ಹಿಂದೆ ಕಟ್ಟಿ ಊರಿಂದೂರಿಗೆ ಹೊಡೆದಟ್ಟುವ ಶಿಕ್ಷೆ ಬಳಕೆಯಲ್ಲಿ ಉಳಿಯಿತು. ಬರೋ 1663ರಲ್ಲಿ ಅದೇ ದೊರೆಯ ನ್ಯೂಗೇಟ್ ಸೆರೆಮನೆಯಲ್ಲಿ ಪ್ರಾಣಬಿಟ್ಟನು. ಮ್ಯಾಸಚೂಸೆಟ್ಸಿನ ಹಳೆಯ ಸನ್ನದು 1684ರಲ್ಲಿ ರದ್ದಾಗಿ, 1691ರ ಹೊಸ ಸನ್ನದಿನಲ್ಲಿ ಕ್ಯಾಥೊಲಿಕರನ್ನುಳಿದು ಇತರ ಕ್ರೈಸ್ತರಿಗೆಲ್ಲ ಆತ್ಮಸಾಕ್ಷಿಯ ಸ್ವಾತಂತ್ರ್ಯವೂ, ಧರ್ಮಸಭೆಯ ಸದಸ್ಯತ್ವದ ಬದಲು ಆಸ್ತಿಯ ಆಧಾರದ ಮೇಲೆ ಮತದಾನದ ಹಕ್ಕೂ ಬಂದವು. ಪಶ್ಚಾತ್ತಾಪದ ನಿದರ್ಶನವೇ ಇಲ್ಲವೆನ್ನಲಾಗದು: 1692ರಲ್ಲಿ ಸೇಲಮಿನ ಮಾಟಗಾತಿಯರೆಂಬವರ ವಿಚಾರಣೆಯಲ್ಲಿ ನ್ಯಾಯಾಧೀಶರಲ್ಲೊಬ್ಬನಾಗಿದ್ದ ಸ್ಯಾಮ್ಯುಯಲ್ ಸಿವಾಲನು 1697ರಲ್ಲಿ ಧರ್ಮಸಭೆಯ ಮುಂದೆ ಎದ್ದುನಿಂತು ತನ್ನ ಅಪರಾಧವನ್ನು ಒಪ್ಪಿಕೊಂಡನು. 1959ರಲ್ಲಿ ಮೇರಿ ಡೈಯರಳ ಪ್ರತಿಮೆಯನ್ನು ಬಾಸ್ಟನ್ನಿನ ಶಾಸನಭವನದ ಮುಂದೆ ನಿಲ್ಲಿಸಲಾಯಿತು.

ಮೇಲಿನ ವಿವರಣೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಪ್ಯೂರಿಟನ್ನರ ಡಾಂಭಿಕತೆಯು ನಂಬದೆ ನಂಬಿದಂತೆ ನಟಿಸುವವರ ಡಾಂಭಿಕತೆಯಲ್ಲ. ಅವರಲ್ಲಿ ಬಹುಮಂದಿ ಪ್ರಾಮಾಣಿಕರೇ, ಕಷ್ಟಸಹಿಷ್ಣುಗಳೇ, ವಿದ್ಯಾಪಕ್ಷಪಾತಿಗಳೇ. ಆದರೆ ತಮ್ಮ ಮೇಲೆ ಬಿದ್ದ ಏಟಿಗೆ ಹಿಂಸೆಯೆಂದೂ ತಾವು ಕೊಟ್ಟ ಏಟಿಗೆ ಧರ್ಮರಕ್ಷಣೆಯೆಂದೂ ಎರಡು ಹೆಸರುಗಳನ್ನು ಇಟ್ಟುಕೊಂಡರು. ನಟಿಸುವ ಡಾಂಭಿಕನಿಗೆ ತನ್ನ ಸುಳ್ಳು ತಿಳಿದಿರುತ್ತದೆ, ಒಂದು ದಿನ ಅವನು ನಾಚಿಕೊಳ್ಳಬಹುದು. ಶ್ರದ್ಧಾವಂತನ ಡಾಂಭಿಕತೆಗೆ ನಾಚಿಕೆಯ ಆ ತಡೆಯೂ ಇಲ್ಲ. ಇದು ಕ್ರೈಸ್ತಮತವೊಂದಕ್ಕೇ ಅಂಟಿದ ದೋಷವಲ್ಲ. ಅದರ ವಿರುದ್ಧ ಎದ್ದ ವಿಲಿಯಮ್ಸ್, ಡೈಯರ್ ಮೊದಲಾದವರೂ ಅಷ್ಟೇ ಶ್ರದ್ಧಾವಂತ ಕ್ರೈಸ್ತರಾಗಿದ್ದರೆಂಬುದನ್ನು ಮರೆಯಲಾಗದು. ಯಾವ ಸಮುದಾಯದ ಸಹನೆಯನ್ನಾದರೂ ಅಳೆಯಬೇಕಾದರೆ, ಅದು ತಾನು ದುರ್ಬಲವಾಗಿದ್ದಾಗ ಏನನ್ನು ಬೇಡಿತೆಂಬುದನ್ನಲ್ಲ, ಪ್ರಬಲವಾದಾಗ ಏನನ್ನು ಕೊಟ್ಟಿತೆಂಬುದನ್ನು ನೋಡಬೇಕು. ಮತಚರಿತ್ರೆಯನ್ನು ಅಧ್ಯಯನಮಾಡುವವರು ಎಲ್ಲ ದೇಶಗಳ ದಾಖಲೆಗಳಿಗೂ ಈ ಪ್ರಶ್ನೆಯನ್ನು ಹಾಕುವುದು ಉಚಿತವೆಂದು ನಾವು ಭಾವಿಸುತ್ತೇವೆ.