ಎರಡು ಲೇಖನಗಳ ನಡುವೆ ಸುಬ್ಬರಾವ್

1948ರ ಜೂನ್ 3ರ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಚಿಕೆಯಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಮತ್ತು ಅವರ ನಾಲ್ವರು ಸಹೋದ್ಯೋಗಿಗಳ ಲೇಖನವೊಂದು ಪ್ರಕಟವಾಯಿತು. ತೀವ್ರ ರಕ್ತಕ್ಯಾನ್ಸರಿನ 16 ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧ ಕೊಟ್ಟಾಗ 10 ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಹಿಮ್ಮೆಟ್ಟಿತ್ತು. ಅದುವರೆಗೆ ಇಂಥ ಮಕ್ಕಳನ್ನು ಉಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಕ್ಯಾನ್ಸರಿನ ಔಷಧ ಚಿಕಿತ್ಸೆಯ ಚರಿತ್ರೆ ಬರೆಯುವವರು ಇಂದಿಗೂ ಈ ಲೇಖನವನ್ನು ದಾಟಿ ಹೋಗಲಾರರು.

ಔಷಧ ಬಂದದ್ದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು 1895ರಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಫಾರ್ಬರ್ ಲೇಖನದ ಐವರು ಲೇಖಕರಲ್ಲಿ ಅವರಿಲ್ಲ. ಅಮಿನಾಪ್ಟೆರಿನ್ ತಯಾರಿಕೆಯನ್ನು ರಸಾಯನ ವಿಜ್ಞಾನಿಗಳಿಗೆ ತಿಳಿಸಿದ 1947ರ ಲೇಖನದಲ್ಲೂ ಇಲ್ಲ. ಅಲ್ಲಿರುವುದು ಸೀಗರ್, ಸ್ಮಿತ್, ಹಲ್ಟ್‌ಕ್ವಿಸ್ಟ್ ಎಂಬ ಮೂವರ ಹೆಸರು. ತಯಾರಿಸಿದವರ ಹೆಸರು ಒಂದರಲ್ಲಿ, ರೋಗಿಗೆ ಕೊಟ್ಟವರ ಹೆಸರು ಇನ್ನೊಂದರಲ್ಲಿ. ಇವೆರಡನ್ನೂ ಬೆಸೆದವರ ಹೆಸರು ಎರಡರಲ್ಲೂ ಇಲ್ಲ.

ಹಾಗೆಂದು ಸುಬ್ಬರಾವ್ ಪ್ರಕಟಣೆಯೇ ಇಲ್ಲದವರಲ್ಲ. ಮದರಾಸಿನಲ್ಲಿ ವೈದ್ಯಕೀಯ ಓದಿ, 1923ರಲ್ಲಿ ಬಾಸ್ಟನ್ ತಲುಪಿದ ಅವರು ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಕೆಲಸ ಮಾಡಿದರು. ರಕ್ತ ಮತ್ತು ಮೂತ್ರದಲ್ಲಿನ ರಂಜಕವನ್ನು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ಇಬ್ಬರೂ 1925ರಲ್ಲಿ ಪ್ರಕಟಿಸಿದರು. ಅದೇ ವಿಧಾನದ ಬಲದಿಂದ 1927ರಲ್ಲಿ ಸ್ನಾಯುವಿನ ಫಾಸ್ಫೋಕ್ರಿಯೇಟಿನ್, 1929ರಲ್ಲಿ ಎಟಿಪಿ ಕುರಿತ ಲೇಖನಗಳು ಬಂದವು. ಎಟಿಪಿಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಆದರೂ ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳ ಪ್ರಕಟಣೆಗೆ ಫಿಸ್ಕೆ ಅಡ್ಡಿಯಾದರೆಂದೂ, ವರ್ಷಗಳ ನಂತರ ಬೇರೆಯವರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತೆಂದೂ ಅಲ್ಲಿ ಜೊತೆಗಿದ್ದ, ಮುಂದೆ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದಾರೆ.

1940ರಲ್ಲಿ ಲೆಡರ್ಲೆ ಸೇರಿದ ಮೇಲೆ ಅವರ ಮುಂದಿದ್ದ ದೊಡ್ಡ ಕೆಲಸ ಫೋಲಿಕ್ ಆಮ್ಲ. ಈ ಜೀವಸತ್ವದ ಸುಳಿವು ಸಿಕ್ಕಿದ್ದು ಮುಂಬಯಿಯಲ್ಲಿ. ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಲೂಸಿ ವಿಲ್ಸ್ 1931ರಲ್ಲಿ ವರದಿ ಮಾಡಿದ್ದರು. ಸುಬ್ಬರಾವ್ ಯೌವನದಲ್ಲಿ ಇಬ್ಬರು ಸೋದರರನ್ನು ಕಳೆದುಕೊಂಡದ್ದು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ. ಅದಕ್ಕೂ ಮುಂದೆ ಫೋಲಿಕ್ ಆಮ್ಲವೇ ಮದ್ದಾಯಿತು. ಅದರ ರಚನೆ ಮತ್ತು ತಯಾರಿಕೆಯ 1946ರ ಲೇಖನದಲ್ಲಿ 16 ಹೆಸರುಗಳಿವೆ. ಸುಬ್ಬರಾವ್ ಅದರಲ್ಲಿ ಒಬ್ಬರು, ಅಷ್ಟೇ.

ರಕ್ತಕ್ಯಾನ್ಸರಿನ ಮಕ್ಕಳಿಗೆ ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಕೊಟ್ಟಾಗ ಕಾಯಿಲೆ ಇನ್ನಷ್ಟು ಬಿರುಸಾದಂತೆ ಫಾರ್ಬರ್‌ಗೆ ಕಂಡಿತು. ಹಾಗಾದರೆ ಅದನ್ನು ತಡೆದರೆ? ಬೀಗದೊಳಗೆ ಹೋಗಿಯೂ ತಿರುಗದ ಕೀಲಿಕೈಯಂಥ ವಸ್ತು ಬೇಕಿತ್ತು. ಲೆಡರ್ಲೆ ತಂಡ ಅಂಥ ಹಲವನ್ನು ಮಾಡಿಕೊಟ್ಟಿತು. ಅಮಿನಾಪ್ಟೆರಿನ್ನಿನ ಹತ್ತಿರದ ಬಂಧು ಮೆಥೊಟ್ರೆಕ್ಸೇಟ್ ಇಂದಿಗೂ ರಕ್ತಕ್ಯಾನ್ಸರಿಗೆ, ಸಂಧಿವಾತಕ್ಕೆ ಬಳಕೆಯಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಆರಂಭಿಸಿ, ಯಾರನ್ನು ಯಾರು ಉಲ್ಲೇಖಿಸಿದ್ದಾರೆಂದು ಎಣಿಸತೊಡಗಿದಾಗ, ಅತಿ ಹೆಚ್ಚು ಉಲ್ಲೇಖ ಪಡೆದವುಗಳ ಸಾಲಿನಲ್ಲಿ 1925ರ ಫಿಸ್ಕೆ–ಸುಬ್ಬರಾವ್ ಲೇಖನವೂ ಇತ್ತು. ಕ್ಯಾನ್ಸರಿಗೂ ಅದಕ್ಕೂ ನೇರ ಸಂಬಂಧವಿಲ್ಲ. ರಂಜಕ ಅಳೆದವರೆಲ್ಲ ಅದನ್ನು ಹೆಸರಿಸಲೇಬೇಕು. ಮೆಥೊಟ್ರೆಕ್ಸೇಟ್ ಚೀಟಿ ಬರೆಯುವ ವೈದ್ಯರು ಯಾರನ್ನೂ ಹೆಸರಿಸಬೇಕಿಲ್ಲ. ಉಲ್ಲೇಖದ ಎಣಿಕೆ ಸುಳ್ಳು ಹೇಳುವುದಿಲ್ಲ. ಆದರೆ ಅದು ಅಳೆಯುವುದು ಲೇಖನ ಬರೆಯುವವರು ಲೇಖನ ಬರೆಯುವವರಿಗೆ ತೀರಿಸುವ ಋಣವನ್ನು ಮಾತ್ರ.

ಇಂದು ಅನೇಕ ಕಡೆ ಪ್ರಯೋಗಾಲಯದ ಮುಖ್ಯಸ್ಥರ ಹೆಸರು ಅಲ್ಲಿಂದ ಹೊರಡುವ ಪ್ರತಿ ಲೇಖನದ ಕೊನೆಯಲ್ಲಿರುತ್ತದೆ. 2005ರಲ್ಲಿ ಬಂದ ಎಚ್-ಇಂಡೆಕ್ಸ್ ಒಂದೇ ಅಂಕಿಯಲ್ಲಿ ಅವರನ್ನು ತೂಗುತ್ತದೆ. ಪಿಎಚ್.ಡಿ.ಗೆ ಮೊದಲು ಲೇಖನ ಪ್ರಕಟಿಸಿರಲೇಬೇಕೆಂಬ ಯುಜಿಸಿ ನಿಯಮ 2022ರಲ್ಲಿ ಹೋಯಿತು. ಎಣಿಸುವ ಅಭ್ಯಾಸ ಹೋಗಿಲ್ಲ. ಸಂಶೋಧನಾ ವಿದ್ಯಾರ್ಥಿಗಳಾದ ನಾವು ನಮ್ಮ ಹೆಸರು ಎಷ್ಟನೆಯದೆಂದು ನೋಡಿಕೊಳ್ಳುತ್ತೇವೆ. ನೋಡಿಕೊಳ್ಳದೆ ವಿಧಿಯಿಲ್ಲ, ಕೆಲಸ ಸಿಗುವುದು ಅದರಿಂದಲೇ. ಆದರೆ ಚರಿತ್ರೆ ಬರೆಯುವವರಿಗೆ ಆ ಪಟ್ಟಿಯೊಂದೇ ಸಾಲದು. ಔಷಧ ಯಾರ ಮೇಜಿನಿಂದ ಯಾರ ಕೈಗೆ ಹೋಯಿತೆಂದು ಅವರು ಹುಡುಕಬೇಕು.

ಫಾರ್ಬರ್ ಲೇಖನ ಹೊರಬಂದ ಎರಡು ತಿಂಗಳಿಗೆ, 1948ರ ಆಗಸ್ಟಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಆಗ ಅವರಿಗೆ 53 ವರ್ಷ.