ದಿವಿಸೀಮೆಯಲ್ಲಿ ಸತ್ತವರು ಯಾರು?

ನಮ್ಮ ರಾಯಚೂರು ಸೀಮೆಯನ್ನು ತಾಗಿ ಹರಿದು ಹೋಗುವ ಕೃಷ್ಣೆ ಆಂಧ್ರದ ಪುಲಿಗಡ್ಡದ ಹತ್ತಿರ ಕವಲೊಡೆದು ಕಡಲು ಸೇರುತ್ತಾಳೆ. ಆ ಕವಲುಗಳ ನಡುವಿನ ನೆಲ ದಿವಿಸೀಮೆ. 1977ರ ನವೆಂಬರ್ 19ರಂದು ಅಲ್ಲಿ ಕಡಲು ಎದ್ದು ಬಂತು. ತೆಲುಗಿನವರು ಅದನ್ನು ಉಪ್ಪೆನ ಅಂತಾರೆ. ಚಂಡಮಾರುತದ ಗಾಳಿ ನೀರನ್ನು ದಡಕ್ಕೆ ದಬ್ಬುತ್ತದೆ. ಕರಾವಳಿಯ ಕಡಲು ಆಳವಿಲ್ಲದ್ದಾದರೆ ನೀರು ಇನ್ನೂ ಮೇಲಕ್ಕೇಳುತ್ತದೆ. ಅವತ್ತು ಮೂರಾಳೆತ್ತರದ ನೀರು ಮೈಲಿಗಟ್ಟಲೆ ಒಳಕ್ಕೆ ನುಗ್ಗಿತು. ಸರಕಾರದ ಲೆಕ್ಕದಲ್ಲೇ ಸತ್ತವರು 10,000ದ ಆಸುಪಾಸು.

ಪ್ರಕೃತಿಯ ಮುನಿಸು, ಹಣೆಬರಹ ಅಂತ ಹೇಳೋರಿಗೆ ಕೊರತೆಯಿಲ್ಲ. ನಾವು ಕೇಳುವುದು ಒಂದೇ: ಸತ್ತವರು ಯಾರು? ಬಹುಪಾಲು ಮೀನುಗಾರರು, ಕೂಲಿಯವರು. ಗರಿ ಹೊದಿಸಿದ ಗುಡಿಸಲಿನಲ್ಲಿ ಮಲಗುತ್ತಿದ್ದವರು. ಮಹಡಿ ಇದ್ದವನು ಮಹಡಿ ಹತ್ತಿದ. ಗುಡಿಸಲಿನವನು ಏನು ಹತ್ತಬೇಕು?

ಅಪಾಯ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. 1864ರ ನವೆಂಬರಿನಲ್ಲಿ ಪಕ್ಕದ ಮಚಲೀಪಟ್ಟಣಕ್ಕೆ ಇಂಥದೇ ಉಪ್ಪೆನ ಬಂದು ಸುಮಾರು 30,000 ಜನರನ್ನು ನುಂಗಿತ್ತು. ಅದಕ್ಕೆ ಒಂಬತ್ತು ವರ್ಷ ಮುಂಚೆ, 1855ರಲ್ಲಿ, ಬೆಜವಾಡದಲ್ಲಿ ಕೃಷ್ಣೆಗೆ ಅಣೆಕಟ್ಟೆ ಕಟ್ಟಿ ಮುಗಿದಿತ್ತು. ಕಾಲುವೆ ಬಂತು, ಭತ್ತ ಬಂತು, ಹಣ ಬಂತು. ಭೂಮಿ ಮೇಲ್ಜಾತಿಯ ಒಕ್ಕಲಿನದಾಯಿತು. ಕೆಸರಿಗಿಳಿದ ಕೈಗಳು ಮಾಲರವು, ಮಾದಿಗರವು. ಊರಿನ ಹೊರಗೆ ಮಾಲಪಲ್ಲೆ, ಮಾದಿಗಗೂಡೆಂ. ನಮ್ಮ ಕಡೆ ಹೊಲಗೇರಿ ಅಂದ ಹಾಗೆ. ಎತ್ತರದ ನೆಲ ಊರಿಗೆ, ನೀರು ನಿಲ್ಲುವ ನೆಲ ಕೇರಿಗೆ ಅನ್ನೋದನ್ನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಾಳಿಗೆ ಜಾತಿ ಇಲ್ಲ ಅಂತಾರೆ, ಒಪ್ಪೋಣ. ಗುಡಿಸಲು ಎಲ್ಲಿರಬೇಕು ಅಂತ ಗೆರೆ ಎಳೆದವನಿಗೆ ಇತ್ತಲ್ಲ?

ಗಾಳಿಯೊಂದೇ ಕೊಲ್ಲುವುದಾಗಿದ್ದರೆ 1990ರ ಮೇ 9ರಂದೂ ಅಷ್ಟೇ ಹೆಣ ಬೀಳಬೇಕಿತ್ತು. ಅವತ್ತು ಅದೇ ಕೃಷ್ಣಾ ಕಡಲಂಚಿಗೆ ಅಂಥದೇ ಬಿರುಸಿನ ಚಂಡಮಾರುತ ಬಂತು. ಸತ್ತವರು ಸುಮಾರು ಸಾವಿರ. ಅದೇನು ಕಡಿಮೆ ಅಂತ ನಾವು ಹೇಳ್ತಿಲ್ಲ. ಆದರೆ 77ರ ಹತ್ತರಲ್ಲಿ ಒಂದು ಪಾಲು. ಈ ಹದಿಮೂರು ವರ್ಷದಲ್ಲಿ ಆದದ್ದೇನು? ಉಪಗ್ರಹದಿಂದ ಗಾಳಿಯ ದಾರಿ ನೋಡುವುದು ಬಂದಿತ್ತು. ಕಡಲ ದಂಡೆಯಲ್ಲಿ ಕಂಬಗಳ ಮೇಲೆ ಆಸರೆ ಕಟ್ಟಡಗಳು ಎದ್ದಿದ್ದವು. ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚೆಯೇ ಎಬ್ಬಿಸಿ ಸಾಗಿಸಿದ್ದರು. ಅಂದರೆ 77ರ ಸಾವಿನಲ್ಲಿ ತಪ್ಪಿಸಬಹುದಾಗಿದ್ದ ಸಾವು ಎಷ್ಟೋ ಇತ್ತು.

ಅಪಾಯದ ಅಂದಾಜು ಅಂತ ಅಧಿಕಾರಿಗಳು ನಕ್ಷೆ ಹಿಡಿದು ಬರ್ತಾರೆ. ಗಾಳಿಯ ವೇಗ ಬರೀತಾರೆ, ಅಲೆಯ ಎತ್ತರ ಬರೀತಾರೆ. ಬರೀಲಿ, ಬೇಕು. ಜೊತೆಗೆ ಕೇರಿಯ ನೆಲ ಊರಿನ ನೆಲಕ್ಕಿಂತ ಎಷ್ಟು ತಗ್ಗು ಅಂತಲೂ ಅಳೆಯಲಿ. ಪಟ್ಟಾ ಇದ್ದವನ ಪೈರು ಹೋದರೆ ಅದಕ್ಕೊಂದು ಕಾಗದ ಇರುತ್ತೆ. ಅದೇ ಪೈರು ಕೊಯ್ದು ಆರು ತಿಂಗಳು ಉಣ್ಣಬೇಕಿದ್ದ ಕೂಲಿಯವಳ ನಷ್ಟಕ್ಕೆ ಯಾವ ಕಾಗದ ಇದೆ? ಗುಳೆ ಬಂದು ಗದ್ದೆಯ ಬದುವಿನಲ್ಲೇ ಮಲಗಿದ್ದವನು ಕೊಚ್ಚಿ ಹೋದರೆ ಅವನ ಹೆಸರು ಯಾವ ಊರಿನ ಪಟ್ಟಿಗೆ ಸೇರಬೇಕು?

ಆಸರೆ ಕಟ್ಟಡ ಇದ್ದರೂ ಒಳಗೆ ಕೂರುವ ಮಾತು ಬೇರೆ. 2004ರ ಡಿಸೆಂಬರಿನ ಸುನಾಮಿ ಗಾಳಿಯಿಂದ ಎದ್ದದ್ದಲ್ಲ, ನೆಲ ನಡುಗಿ ಎದ್ದದ್ದು. ಆದರೆ ಆಮೇಲೆ ತಮಿಳುನಾಡಿನ ನಾಗಪಟ್ಟಣದ ಕಡೆ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಬೇರೆ ಕೂರಿಸಿದ್ದು, ಕುಡಿಯುವ ನೀರಿನ ತೊಟ್ಟಿ ಮುಟ್ಟಗೊಡದೇ ಇದ್ದದ್ದು ವರದಿಯಾಯಿತು. ಎಲ್ಲರ ಮನೆಯನ್ನೂ ಒಂದೇ ನೀರು ಒಯ್ದು ಇನ್ನೂ ವಾರಗಳಷ್ಟೇ ಆಗಿದ್ದವು.