ಗಡಿಯಾಚೆಯ ಹಂದರ, ಗಡಿಯೀಚೆಯ ಕಾಯಿದೆ

ಬಾಲ್ಯವಿವಾಹ ನಿಷೇಧದ ಚರಿತ್ರೆಯನ್ನು ವಯೋಮಿತಿಯ ಏರಿಕೆಯ ಚರಿತ್ರೆಯೆಂದೇ ಬರೆಯುವುದು ರೂಢಿ. ಆದರೆ ಕರ್ನಾಟಕ, ಮಹಾರಾಷ್ಟ್ರಗಳ ನಡುವಿನ ಚಡಚಣದಂತಹ ಗಡಿನೆಲದಲ್ಲಿ ನಿಂತು ನೋಡುವವನಿಗೆ ಅದು, ಒಂದು ಆಳ್ವಿಕೆಯ ಆಜ್ಞೆಯನ್ನು ಮತ್ತೊಂದು ಆಳ್ವಿಕೆಯ ನೆಲದಲ್ಲಿಯೂ ಸಲ್ಲುವಂತೆ ಮಾಡುವ ಸಂಧಾನದ ಚರಿತ್ರೆಯಾಗಿಯೂ ತೋರುವುದು.

ಮೈಸೂರು ಸಂಸ್ಥಾನವು 1894ರಷ್ಟು ಹಿಂದೆಯೇ ಎಂಟು ವರ್ಷ ತುಂಬದ ಕನ್ಯೆಯರ ವಿವಾಹವನ್ನೂ, ಐವತ್ತು ಮೀರಿದ ಪುರುಷರು ಹದಿನಾಲ್ಕರೊಳಗಿನ ಬಾಲಿಕೆಯರನ್ನು ವರಿಸುವುದನ್ನೂ ನಿಷೇಧಿಸಿದ್ದಿತು. ಆ ನಿಬಂಧನೆಯ ಅಧಿಕಾರ ಮಾತ್ರ ಮೈಸೂರಿನ ಎಲ್ಲೆಯಲ್ಲಿಯೇ ಮುಗಿಯಿತು. 1929ರಲ್ಲಿ ಅಂಗೀಕೃತವಾಗಿ ಮರುವರ್ಷದ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾರದಾ ಕಾಯಿದೆಯು ವಧುವಿಗೆ 14, ವರನಿಗೆ 18 ವರ್ಷಗಳ ಮಿತಿಯನ್ನು ವಿಧಿಸಿತಾದರೂ, ಅದು ಬ್ರಿಟಿಷ್ ಭಾರತಕ್ಕಾಗಿ ರಚಿತವಾದುದು. ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದ ಇಂಡಿ, ಸಿಂದಗಿ ತಾಲೂಕುಗಳ ನೆರೆಯಲ್ಲಿ ಜತ್ತ, ಅಕ್ಕಲಕೋಟೆಗಳ ಅರಸರ ಸೀಮೆಗಳೂ ನಿಜಾಮರ ರಾಜ್ಯವೂ ಹಬ್ಬಿದ್ದವು. ನಾಲ್ಕು ಹರದಾರಿ ನಡೆದರೆ ಸರಕಾರವೇ ಬೇರೆ, ಬೀಗತನ ಮಾತ್ರ ಒಂದೇ. ದೇಶದ ಹಲವೆಡೆ ಮದುವೆಯ ದಿಬ್ಬಣಗಳೇ ಸಂಸ್ಥಾನಗಳಿಗೂ ಫ್ರೆಂಚರ ವಸಾಹತುಗಳಿಗೂ ದಾಟಿ ಕಾಯಿದೆಯನ್ನು ಹಿಂದೆ ಬಿಟ್ಟ ಕಾಲವದು. ಮದುವೆಗೆ ಮುನ್ನವೇ ತಡೆಯಾಜ್ಞೆ ನೀಡುವ ಅಧಿಕಾರವು 1938ರ ತಿದ್ದುಪಡಿಯಿಂದ ನ್ಯಾಯಾಲಯಗಳಿಗೆ ದೊರೆಯಿತು.

1948ರಲ್ಲಿ ಜತ್ತ, ಅಕ್ಕಲಕೋಟೆಗಳು ಮುಂಬಯಿಯಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಬಿಜಾಪುರವು ಮೈಸೂರಿಗೆ ಸೇರಿ, ಜತ್ತ, ಅಕ್ಕಲಕೋಟೆಗಳು ಮುಂಬಯಿಯಲ್ಲಿಯೇ ಉಳಿದುದರಿಂದ ಆ ಹಳೆಯ ಸಂಸ್ಥಾನಗಳ ಗಡಿ ರಾಜ್ಯದ ಗಡಿಯಾಗಿ ಮರಳಿತು. ವಯೋಮಿತಿಯು 1978ರಲ್ಲಿ 18 ಮತ್ತು 21ಕ್ಕೆ ಏರಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಾದರೋ ಭಾರತದ ಹೊರಗಿರುವ ಭಾರತೀಯ ಪ್ರಜೆಗಳಿಗೂ ತಾನು ಅನ್ವಯಿಸುವುದೆಂದು ಸಾರಿತು.

ಹೊರದೇಶದಲ್ಲಿರುವ ಬಾಲಿಕೆಯನ್ನು ರಕ್ಷಿಸಲು ಅಕ್ಷರ ಸಾಲದು, ರಾಯಭಾರ ಬೇಕು. ವಿವಾಹಕ್ಕೆ ವಧೂವರರ ಸಮ್ಮತಿ ಅವಶ್ಯವೆಂಬ ಒಪ್ಪಂದವನ್ನು ವಿಶ್ವಸಂಸ್ಥೆಯು 1962ರಲ್ಲಿಯೇ ರೂಪಿಸಿದ್ದರೂ, ಕಾರ್ಯಾಂಗದ ವ್ಯವಸ್ಥೆ ಮೂಡಿದುದು ತಡವಾಗಿ. ಬ್ರಿಟನ್ನಿನ ವಿದೇಶಾಂಗ ಹಾಗೂ ಗೃಹ ಇಲಾಖೆಗಳು 2005ರಲ್ಲಿ ಬಲವಂತದ ವಿವಾಹಗಳಿಗೆಂದೇ ಜಂಟಿ ಘಟಕವನ್ನು ಸ್ಥಾಪಿಸಿದವು. ರಜೆಯ ನೆಪದಲ್ಲಿ ಪೂರ್ವಿಕರ ಊರಿಗೆ ಕರೆತಂದು ಪಾಸ್‌ಪೋರ್ಟ್ ಕಸಿದುಕೊಳ್ಳಲ್ಪಟ್ಟ ಯುವತಿಗೆ ತುರ್ತು ಪ್ರಯಾಣಪತ್ರವನ್ನೂ ಆಶ್ರಯವನ್ನೂ ಒದಗಿಸುವುದು ಅಲ್ಲಿನ ಬ್ರಿಟಿಷ್ ರಾಯಭಾರ ಕಚೇರಿಗಳ ಕೆಲಸವಾಯಿತು. ಆದರೆ ಆಕೆ ಎರಡೂ ದೇಶಗಳ ಪ್ರಜೆಯಾಗಿದ್ದರೆ, ಆ ನೆಲದ ಸರಕಾರ ಒಪ್ಪದೆ ರಾಯಭಾರಿಯ ಕೈ ಮುಂದಕ್ಕೆ ಚಾಚದು. 2013ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಬಾಲ್ಯ ಹಾಗೂ ಬಲವಂತದ ವಿವಾಹದ ಕುರಿತು ನಿರ್ಣಯವನ್ನು ಸ್ವೀಕರಿಸಿತು. 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಬಾಲ್ಯವಿವಾಹದ ನಿರ್ಮೂಲನವೂ ಸೇರಿತು.

ಇಂತಹ ಸಂಧಾನದ ಅಗತ್ಯ ಲಂಡನ್ನಿಗೆ ಎಷ್ಟುಂಟೋ ಚಡಚಣಕ್ಕೂ ಅಷ್ಟೇ ಉಂಟು. ಬಾಲ್ಯವಿವಾಹದ ಕುರಿತ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯು 2011ರಲ್ಲಿ ವರದಿಯಿತ್ತ ತರುವಾಯ ಕರ್ನಾಟಕವು 2006ರ ಕಾಯಿದೆಗೆ ತಂದ ತನ್ನ ತಿದ್ದುಪಡಿಯಿಂದ 2017ರಲ್ಲಿ ಬಾಲ್ಯವಿವಾಹವನ್ನು ಮೂಲತಃ ಅಸಿಂಧುವೆಂದು ಘೋಷಿಸಿತು. ಮಹಾರಾಷ್ಟ್ರದಲ್ಲಿ ಜಾರಿಯಲ್ಲಿರುವ ಕೇಂದ್ರ ಕಾಯಿದೆಯಲ್ಲಾದರೋ, ಬಾಲ್ಯದಲ್ಲಿ ಮದುವೆಯಾದವರೇ ನ್ಯಾಯಾಲಯದಲ್ಲಿ ಬೇಡಿದ ಹೊರತು ಅದು ಸಾಮಾನ್ಯವಾಗಿ ಸಿಂಧು. ಕಬ್ಬಿನ ಕಟಾವಿಗೆ ಗುಳೆ ಹೋದ ಕುಟುಂಬವೊಂದು ಆಚೆಯಲ್ಲಿಯೇ ಅಕ್ಷತೆ ಹಾಕಿಸಿ ಮರಳಿದರೆ, ಆ ಹುಡುಗಿ ಯಾವ ನ್ಯಾಯಕ್ಕೆ ಸೇರಿದವಳು? ವಿದೇಶಗಳಲ್ಲಿ ಫಲ ಕೊಟ್ಟುದು ಘೋಷಣೆಯಲ್ಲ, ಒಬ್ಬ ಅಧಿಕಾರಿಯ ಪತ್ರಕ್ಕೆ ಮತ್ತೊಬ್ಬ ಅಧಿಕಾರಿಯು ಉತ್ತರಿಸುವ ಪರಿಪಾಠ. ಗುಳೆಯ ಕಾಲಕ್ಕೆ ಮುನ್ನ ಚಡಚಣದ ಹಾಗೂ ಜತ್ತದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಶಾಲೆ ಬಿಟ್ಟ ಬಾಲಿಕೆಯರ ಪಟ್ಟಿಯನ್ನು ಪರಸ್ಪರ ಒಪ್ಪಿಸುವ ಏರ್ಪಾಡಾಗುವುದಾದರೆ, ಅದಕ್ಕಿಂತ ಸಾರ್ಥಕವಾದ ರಾಯಭಾರ ಈ ಸೀಮೆಗೆ ಬೇರೊಂದಿಲ್ಲ.